38 ಸಾಲು, ಒಂದೇ ಹೆಸರು: ಪಿಎಚ್‌ಪಿಯಲ್ಲಿ ಕ್ಲಾಸ್, ಆಬ್ಜೆಕ್ಟ್ ಕೈಕೊಟ್ಟಾಗ ಎಲ್ಲಿ ಹುಡುಕಬೇಕು

ನಮ್ಮ ಚಿಕ್ಕಪ್ಪ ಊರಿನ ಹಾಲಿನ ಡೈರಿಯಲ್ಲಿ ಲೆಕ್ಕ ಬರೆಯುತ್ತಾರೆ. ಬೆಳಗ್ಗೆ ಒಂದು ಹೊತ್ತು, ಸಂಜೆ ಒಂದು ಹೊತ್ತು. ಯಾರು ಎಷ್ಟು ಲೀಟರ್ ಹಾಕಿದರು, ಫ್ಯಾಟ್ ಎಷ್ಟು ಬಂತು, ದರ ಎಷ್ಟು ಬಿತ್ತು ಅಂತ. ನಾನು ವೆಬ್‌ಸೈಟ್ ಬರೆಯುವ ಭಾಷೆಯಾದ ಪಿಎಚ್‌ಪಿ ಕಲಿಯುತ್ತಿದ್ದಾಗ ಈ ಲೆಕ್ಕಕ್ಕೆ ಒಂದು ಪುಟ್ಟ ವೆಬ್‌ಸೈಟ್ ಮಾಡಿಕೊಡುತ್ತೇನೆ ಅಂತ ಹೊರಟೆ. ಬಟವಾಡೆ ಪಟ್ಟಿ ತೆರೆದರೆ 38 ಸಾಲು ಬಂತು. 38ರಲ್ಲೂ ಒಂದೇ ಹೆಸರು, ಒಂದೇ ಲೀಟರ್. "ಎಲ್ಲಾ ದುಡ್ಡೂ ಯಲ್ಲಮ್ಮಂಗೇ ಕೊಟ್ಟುಬಿಡೋಣ್ವೇನೋ?" ಅಂತ ಚಿಕ್ಕಪ್ಪ ನಕ್ಕರು. ಪರದೆ ಮೇಲೆ ಎರರ್ ಮಾತ್ರ ಒಂದೂ ಇಲ್ಲ.

ಆ ಒಂದು ತಪ್ಪನ್ನು ಹುಡುಕಲು ನನಗೆ ಎರಡು ರಾತ್ರಿ ಹಿಡಿಯಿತು. ಆಮೇಲೆ ಬೇರೆ ಬೇರೆ ತಪ್ಪುಗಳು ಬಂದವು. ಈಗ ಅವನ್ನೆಲ್ಲ ಒಂದು ಕಡೆ ಬರೆದಿಡುತ್ತಿದ್ದೇನೆ. ನಿಮ್ಮ ಪರದೆಯಲ್ಲಿ ಏನು ಕಾಣುತ್ತಿದೆಯೋ ಆ ಭಾಗಕ್ಕೆ ನೇರ ಹೋಗಬಹುದು. ಆದರೆ ಮುಂದಿನ ಎರಡು ಭಾಗ ಓದಿಕೊಂಡು ಹೋಗಿ.

ಪಾಸ್‌ಬುಕ್ ಮತ್ತು ಚೀಟಿ

ಡೈರಿಯಲ್ಲಿ ಹಾಲು ಹಾಕುವ ಪ್ರತಿಯೊಬ್ಬರಿಗೂ ಒಂದು ಪಾಸ್‌ಬುಕ್ ಇರುತ್ತದೆ. ಯಾವ ಕಾಲಂ ಎಲ್ಲಿ ಬರಬೇಕು ಅಂತ ಪ್ರೆಸ್ಸಿನವರ ಹತ್ತಿರ ಒಂದು ನಮೂನೆ ಇದೆ. ಆ ನಮೂನೆ ಕ್ಲಾಸ್. ಯಲ್ಲಮ್ಮನ ಕೈಯಲ್ಲಿರುವ ಪುಸ್ತಕ ಆಬ್ಜೆಕ್ಟ್. ನಮೂನೆಯ ಮೇಲೆ ಯಾರೂ ಲೀಟರ್ ಬರೆಯುವುದಿಲ್ಲ, ಪುಸ್ತಕದಲ್ಲಿ ಬರೆಯುತ್ತಾರೆ. ಇಷ್ಟು ಎಲ್ಲರೂ ಹೇಳಿಕೊಡುತ್ತಾರೆ.

ಯಾರೂ ಸರಿಯಾಗಿ ಹೇಳಿಕೊಡದ ಮೂರನೆಯದು ಒಂದಿದೆ: ವೇರಿಯಬಲ್. ವೇರಿಯಬಲ್ ಅಂದರೆ ಪುಸ್ತಕ ಅಲ್ಲ, ಪುಸ್ತಕದ ನಂಬರ್ ಬರೆದಿಟ್ಟುಕೊಂಡ ಚೀಟಿ. ಚೀಟಿಯನ್ನು ನಕಲು ಮಾಡಿದರೆ ಪುಸ್ತಕ ಎರಡಾಗುವುದಿಲ್ಲ. ಹಾಗಾಗಿ ಆಬ್ಜೆಕ್ಟ್ ಕೈಕೊಟ್ಟಾಗ ಮೂರೇ ಪ್ರಶ್ನೆ ಕೇಳಬೇಕು. ಚೀಟಿಯಲ್ಲಿರುವ ನಂಬರಿನ ಪುಸ್ತಕ ಇದೆಯಾ? ಇದ್ದರೆ ಅದು ಯಾರ ಪುಸ್ತಕ? ಆಗ ಇದ್ದದ್ದು ಈಗಲೂ ಇದೆಯಾ?

ಇಲ್ಲಿ ಕೋಡನ್ನು ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಕ್ಲಾಸ್, ಪಬ್ಲಿಕ್, ನ್ಯೂ, ದಿಸ್ ಇಂಥ ಕೀವರ್ಡ್‌ಗಳನ್ನು ನೀವು ಎಡಿಟರಿನಲ್ಲಿ ಇಂಗ್ಲಿಷ್‌ನಲ್ಲೇ ಹೊಡೆಯಬೇಕು. ನೀವು ಇಟ್ಟುಕೊಳ್ಳುವ ಹೆಸರುಗಳು ಕನ್ನಡದಲ್ಲಿದ್ದರೂ ಪಿಎಚ್‌ಪಿ ಒಪ್ಪುತ್ತದೆ. ಅದರದ್ದೇ ಒಂದು ತರಲೆ ಇದೆ, ಕೊನೆಗೆ ಹೇಳುತ್ತೇನೆ. ನಮ್ಮ ಕ್ಲಾಸ್ ಇದು:

ಕ್ಲಾಸ್ ಸದಸ್ಯ {
    ಪಬ್ಲಿಕ್ $ಹೆಸರು;
    ಪಬ್ಲಿಕ್ $ಲೀಟರ್ = 0;

    ಪಬ್ಲಿಕ್ ಫಂಕ್ಷನ್ ಹಾಲುಹಾಕು($ಎಷ್ಟು) {
        $ದಿಸ್->ಲೀಟರ್ += $ಎಷ್ಟು;
    }
}

ಮೊದಲು ದೀಪ ಹಚ್ಚಿ

ಬರೀ ಬಿಳಿ ಪುಟ ಬರುತ್ತಿದ್ದರೆ ಎರರ್ ಇಲ್ಲ ಅಂತಲ್ಲ, ತೋರಿಸುತ್ತಿಲ್ಲ ಅಂತ ಅರ್ಥ. ನಿಮ್ಮ ಸ್ವಂತ ಕಂಪ್ಯೂಟರಿನಲ್ಲಿ, ಪಿಎಚ್‌ಪಿಯ ಐಎನ್ಐ ಫೈಲಿನಲ್ಲಿ, ಡಿಸ್‌ಪ್ಲೇ ಎರರ್ಸ್ ಆನ್ ಮಾಡಿ. ಎರರ್ ರಿಪೋರ್ಟಿಂಗ್‌ಗೆ ಇ ಆಲ್ ಕೊಡಿ. ಬದಲಾಯಿಸಿದ ಮೇಲೆ ಅಪಾಚಿಯನ್ನು (ಪುಟ ಕಳಿಸುವ ವೆಬ್ ಸರ್ವರನ್ನು) ರೀಸ್ಟಾರ್ಟ್ ಮಾಡುವುದನ್ನು ಮರೆಯಬೇಡಿ. ಕೆಲವರು ಇದೇ ಸೆಟ್ಟಿಂಗನ್ನು ಕೋಡಿನ ಮೊದಲ ಸಾಲಿನಲ್ಲಿ ಐಎನ್ಐ ಸೆಟ್ ಫಂಕ್ಷನ್‌ನಿಂದ ಹಾಕುತ್ತಾರೆ. ಆದರೆ ಅದೇ ಫೈಲಿನಲ್ಲಿ ಸೆಮಿಕೋಲನ್ ಬಿಟ್ಟಿದ್ದರೆ ಆ ಸಾಲು ಓಡುವುದೇ ಇಲ್ಲ. ಫೈಲ್ ಪೂರ್ತಿ ಓದಿ ಅರ್ಥವಾದ ಮೇಲೆ ತಾನೆ ಮೊದಲ ಸಾಲು ಓಡುವುದು! ಲೈವ್ ಸರ್ವರಿನಲ್ಲಿ ಮಾತ್ರ ಎರರನ್ನು ಪುಟದ ಮೇಲೆ ತೋರಿಸಬೇಡಿ. ಲಾಗ್ ಫೈಲಿಗೆ ಬರೆಸಿ, ಅಲ್ಲಿ ಹೋಗಿ ಓದಿ.

ಎರಡನೇ ದೀಪ ವಾರ್ ಡಂಪ್, ವೇರಿಯಬಲ್ ಒಳಗೆ ಏನಿದೆ ಅಂತ ತೋರಿಸುವ ಫಂಕ್ಷನ್. ಯಾವ ವೇರಿಯಬಲ್ ಮೇಲೆ ಅನುಮಾನ ಇದೆಯೋ ಅದನ್ನು ವಾರ್ ಡಂಪ್‌ಗೆ ಕೊಟ್ಟರೆ ಹೀಗೆ ಬರುತ್ತದೆ:

ಆಬ್ಜೆಕ್ಟ್(ಸದಸ್ಯ)#3 (2)

ಮೊದಲು ಕ್ಲಾಸಿನ ಹೆಸರು. ಆವರಣದ 2 ಅಂದರೆ ಎರಡು ಪ್ರಾಪರ್ಟಿ (ಪುಸ್ತಕದ ಕಾಲಂ, ಇಲ್ಲಿ ಹೆಸರು ಮತ್ತು ಲೀಟರ್) ಇವೆ. ನಡುವಿನ #3 ಇದೆಯಲ್ಲ, ಅದೇ ಪಾಸ್‌ಬುಕ್ಕಿನ ನಂಬರ್. ನಾನು ಎಷ್ಟೋ ದಿನ ಇದನ್ನು ನೋಡಿಯೂ ನೋಡದ ಹಾಗೆ ಇದ್ದೆ. ಪುಟದ ಮೇಲೆ ಬರೆಯುವ ಎಕೋ ಇಲ್ಲಿ ಬೇಡ. ಆಬ್ಜೆಕ್ಟನ್ನು ನೇರ ಎಕೋ ಮಾಡಿದರೆ ಅದನ್ನು ಸ್ಟ್ರಿಂಗ್ (ಅಕ್ಷರಗಳ ಸಾಲು) ಮಾಡಲಾಗದು ಅಂತ ಬೈದು ನಿಂತುಬಿಡುತ್ತದೆ.

ಎಲ್ಲಾ ಸಾಲಿನಲ್ಲೂ ಕೊನೆಯವರದ್ದೇ ಲೆಕ್ಕ

ಯಲ್ಲಮ್ಮನ ಕೇಸಿಗೆ ಬರೋಣ. ನನ್ನ ಕೋಡ್ ಹೀಗಿತ್ತು:

$ಸದಸ್ಯ = ನ್ಯೂ ಸದಸ್ಯ();
ಫಾರ್‌ಈಚ್ ($ಸಾಲುಗಳು ಆ್ಯಸ್ $ಸಾಲು) {
    $ಸದಸ್ಯ->ಹೆಸರು = $ಸಾಲು['ಹೆಸರು'];
    $ಸದಸ್ಯ->ಲೀಟರ್ = $ಸಾಲು['ಲೀಟರ್'];
    $ಪಟ್ಟಿ[] = $ಸದಸ್ಯ;
}

ಪಟ್ಟಿಯನ್ನು ವಾರ್ ಡಂಪ್ ಮಾಡಿದಾಗ 38 ಕಡೆಯೂ ಒಂದೇ ನಂಬರ್ ಬಂತು. ಅಂದರೆ ಪುಸ್ತಕ ಒಂದೇ, ಚೀಟಿ 38. ಲೂಪ್ ಪ್ರತಿ ಸಲ ಅದೇ ಪುಸ್ತಕದಲ್ಲಿ ಹಳೇ ಹೆಸರು ಅಳಿಸಿ ಹೊಸ ಹೆಸರು ಬರೆಯಿತು. ಕೊನೆಯಲ್ಲಿ ಬಂದವಳು ಯಲ್ಲಮ್ಮ. ಅವಳ ಹೆಸರು ಉಳಿಯಿತು.

ಪರಿಹಾರ ಒಂದು ಸಾಲು ಜಾಗ ಬದಲಿಸುವುದು ಅಷ್ಟೇ. ನ್ಯೂ ಇರುವ ಸಾಲನ್ನು ಲೂಪಿನ ಒಳಗೆ, ಮೊದಲ ಸಾಲಾಗಿ ಹಾಕಿ. ಪ್ರತಿ ಸುತ್ತಿಗೂ ಹೊಸ ಪುಸ್ತಕ ಹುಟ್ಟುತ್ತದೆ. ಮತ್ತೆ ವಾರ್ ಡಂಪ್ ಮಾಡಿ, ನಂಬರ್‌ಗಳು ಬೇರೆ ಬೇರೆ ಬರಬೇಕು.

ನನಗೆ ಸಿಟ್ಟು ಬಂದದ್ದು ಬೇರೆ ಕಾರಣಕ್ಕೆ. ಆ ಕೋಡನ್ನು ನಾನು ಒಂದು ಹಳೇ ಪಾಠ ನೋಡಿ ಬರೆದಿದ್ದೆ. ಪಾಠ ತಪ್ಪಾಗಿರಲಿಲ್ಲ, ಹಳೆಯದಾಗಿತ್ತು. 2000ದಲ್ಲಿ ಬಂದ ಪಿಎಚ್‌ಪಿ 4ರಲ್ಲಿ ಆಬ್ಜೆಕ್ಟನ್ನು ಇನ್ನೊಂದು ವೇರಿಯಬಲ್‌ಗೆ ಹಾಕಿದರೆ ಪೂರ್ತಿ ನಕಲು ಆಗುತ್ತಿತ್ತು. ಅಲ್ಲಿ ಇದೇ ಲೂಪ್ ಸರಿಯಾಗಿ 38 ಜನರನ್ನು ಕೊಡುತ್ತಿತ್ತು! 2004ರ ಜುಲೈನಲ್ಲಿ ಪಿಎಚ್‌ಪಿ 5 ಬಂದಾಗ ಆಬ್ಜೆಕ್ಟಿನ ವ್ಯವಸ್ಥೆಯನ್ನೇ ಹೊಸದಾಗಿ ಕಟ್ಟಿದರು. ಅಲ್ಲಿಂದ ಚೀಟಿ ಪದ್ಧತಿ ಶುರುವಾಯಿತು.

ಗೊಂದಲ ಜಾಸ್ತಿ ಆಗುವುದು ಅರೇ ಜೊತೆ ಹೋಲಿಸಿದಾಗ. ಅರೇಯನ್ನು ಇನ್ನೊಂದು ವೇರಿಯಬಲ್‌ಗೆ ಹಾಕಿ ಬದಲಾಯಿಸಿದರೆ ಮೊದಲಿನದ್ದು ಹಾಗೇ ಇರುತ್ತದೆ. ಆಬ್ಜೆಕ್ಟ್ ಹಾಗಲ್ಲ. ಫಂಕ್ಷನ್‌ಗೆ ಕಳಿಸಿದಾಗಲೂ ಇದೇ ಕಥೆ. ಹೋಗುವುದು ಚೀಟಿ. ಫಂಕ್ಷನ್ ಒಳಗೆ ಲೀಟರ್ ಬದಲಾಯಿಸಿದರೆ ಹೊರಗಿನ ಯಲ್ಲಮ್ಮನ ಲೀಟರೂ ಬದಲಾಗುತ್ತದೆ. "ನಾನು ಮುಟ್ಟೇ ಇಲ್ಲ, ಹೇಗೆ ಬದಲಾಯಿತು?" ಅನ್ನುವ ಎರರ್‌ಗಳ ಮೂಲ ಇಲ್ಲೇ.

ನಿಜವಾಗಿಯೂ ಎರಡನೇ ಪುಸ್ತಕ ಬೇಕು ಅಂದರೆ ಕ್ಲೋನ್ ಕೀವರ್ಡ್ ಬಳಸಿ. ಅದರಲ್ಲೂ ಒಂದು ಎಡವಟ್ಟು ಇದೆ. ಯಲ್ಲಮ್ಮನ ಆಬ್ಜೆಕ್ಟ್ ಒಳಗೆ ಅವಳ ಬ್ಯಾಂಕ್ ಖಾತೆಯ ಆಬ್ಜೆಕ್ಟ್ ಇದೆ ಅಂದುಕೊಳ್ಳಿ. ಕ್ಲೋನ್ ಮಾಡಿದರೆ ಯಲ್ಲಮ್ಮನ ಪುಸ್ತಕ ಎರಡಾಗುತ್ತದೆ. ಆದರೆ ಅದರೊಳಗೆ ಅಂಟಿಸಿದ್ದ ಖಾತೆಯ ಚೀಟಿ ಮಾತ್ರ ನಕಲಾಗುತ್ತದೆ, ಖಾತೆ ಒಂದೇ ಉಳಿಯುತ್ತದೆ. ಕ್ಲಾಸಿನಲ್ಲಿ ಎರಡು ಅಂಡರ್‌ಸ್ಕೋರ್ ಹಾಕಿ ಕ್ಲೋನ್ ಅಂತ ಒಂದು ಮೆಥಡ್ (ಕ್ಲಾಸಿನೊಳಗಿನ ಫಂಕ್ಷನ್) ಬರೆದು, ಅದರಲ್ಲಿ ಖಾತೆಯನ್ನೂ ಕ್ಲೋನ್ ಮಾಡಬೇಕು.

ನಂಬರ್‌ಗಳು ಬೇರೆ ಬೇರೆ ಇದ್ದೂ ಎಲ್ಲರಿಗೂ ಒಂದೇ ಮೌಲ್ಯ ಕಾಣುತ್ತಿದೆಯಾ? ಹಾಗಾದರೆ ಆ ಪ್ರಾಪರ್ಟಿ ಸ್ಟ್ಯಾಟಿಕ್ ಆಗಿದೆಯಾ ನೋಡಿ. ಸ್ಟ್ಯಾಟಿಕ್ ಅಂದರೆ ಡೈರಿಯ ಗೋಡೆಯ ಬೋರ್ಡು. ಇವತ್ತಿನ ದರ ಬರೆಯಲು ಸರಿ, ಒಬ್ಬೊಬ್ಬರ ಲೀಟರ್ ಬರೆಯಲು ಅಲ್ಲ.

ಎರಡು ಚೀಟಿ ಒಂದೇ ಪುಸ್ತಕದ್ದಾ ಅಂತ ಕೋಡಿನಲ್ಲೇ ಪರೀಕ್ಷಿಸಲು ಮೂರು ಸಮ ಚಿಹ್ನೆ, ಅಂದರೆ === ಹಾಕಿ. == ಹಾಕಿದರೆ ಕ್ಲಾಸ್ ಒಂದೇ ಇದ್ದು ಒಳಗಿನ ಬರಹ ಒಂದೇ ಇದ್ದರೂ ಹೌದು ಅನ್ನುತ್ತದೆ.

ಬರೆದೆ, ಆದರೆ ನಿಂತಿಲ್ಲ

ಹಾಲುಹಾಕು ಮೆಥಡ್ ಕರೆದರೂ ಲೀಟರ್ ಸೊನ್ನೆಯಲ್ಲೇ ಕೂತಿದೆ. ಎರರ್ ಇಲ್ಲ. ನೂರಕ್ಕೆ ತೊಂಬತ್ತು ಸಲ ಮೆಥಡ್ ಒಳಗೆ ಹೀಗೆ ಬರೆದಿರುತ್ತೀರಿ:

$ಲೀಟರ್ = $ಎಷ್ಟು;

ಇದು ಪುಸ್ತಕದಲ್ಲಿ ಬರೆದದ್ದಲ್ಲ, ಅಂಗೈಯಲ್ಲಿ ಬರೆದುಕೊಂಡದ್ದು. ಮೆಥಡ್ ಮುಗಿದಾಗ ತೊಳೆದುಹೋಗುತ್ತದೆ. ಜಾವಾ ಅಥವಾ ಸಿ ಪ್ಲಸ್ ಪ್ಲಸ್ ಕಲಿತು ಬಂದವರು ಇಲ್ಲಿ ಬೀಳುತ್ತಾರೆ, ಯಾಕೆಂದರೆ ಅಲ್ಲಿ ಹೀಗೆ ಬರೆದರೆ ನಡೆಯುತ್ತದೆ. ಪಿಎಚ್‌ಪಿಯಲ್ಲಿ $ದಿಸ್-> ಇಲ್ಲದೆ ಪ್ರಾಪರ್ಟಿ ಮುಟ್ಟಲಾಗದು.

ಇದರ ತಮ್ಮ ಒಬ್ಬನಿದ್ದಾನೆ. $ದಿಸ್->$ಲೀಟರ್ ಅಂತ ಡಾಲರ್ ಎರಡು ಸಲ ಹಾಕುವುದು. ಓದುವಾಗ ಎರಡು ವಾರ್ನಿಂಗ್ ಬರುತ್ತದೆ. ಒಂದು, ಲೀಟರ್ ಅನ್ನುವ ವೇರಿಯಬಲ್ ಇಲ್ಲ ಅಂತ. ಇನ್ನೊಂದು, ಸದಸ್ಯ::$ ಅನ್ನುವ ಪ್ರಾಪರ್ಟಿ ಇಲ್ಲ ಅಂತ. ಡಾಲರ್ ಆದಮೇಲೆ ಹೆಸರೇ ಇಲ್ಲದೆ ಖಾಲಿ ಕಂಡರೆ ಇದೇ ಕಾಯಿಲೆ.

ಬಾಣದ ಬದಲು ಚುಕ್ಕೆ ಇಟ್ಟರೆ? ಜಾವಾಸ್ಕ್ರಿಪ್ಟ್ ಮತ್ತು ಪಿಎಚ್‌ಪಿ ಎರಡನ್ನೂ ಒಂದೇ ದಿನ ಬರೆಯುವವರಿಗೆ ಇದು ತಪ್ಪಿದ್ದಲ್ಲ. ಪಿಎಚ್‌ಪಿಯಲ್ಲಿ ಚುಕ್ಕೆ ಎರಡು ಸ್ಟ್ರಿಂಗ್ ಸೇರಿಸುವ ಗುರುತು. $ಸದಸ್ಯ.ಲೀಟರ್ ಅಂದರೆ "ಲೀಟರ್ ಅನ್ನುವ ಕಾನ್‌ಸ್ಟಂಟ್ ಎಲ್ಲಿ?" ಅಂತ ಹುಡುಕುತ್ತದೆ. 8 ಮತ್ತು ಅದರ ನಂತರದ ಆವೃತ್ತಿಗಳಲ್ಲಿ ಅನ್‌ಡಿಫೈನ್ಡ್ ಕಾನ್‌ಸ್ಟಂಟ್ ಅಂತ ಎರರ್ ಕೊಟ್ಟು ನಿಲ್ಲುತ್ತದೆ.

"ಕಾಲ್ ಟು ಎ ಮೆಂಬರ್ ಫಂಕ್ಷನ್ ... ಆನ್ ನಲ್"

ಇದನ್ನು ನೋಡದೆ ಪಿಎಚ್‌ಪಿ ಕಲಿತವರು ಇಲ್ಲ. ಅರ್ಥ ಇಷ್ಟೇ: ಚೀಟಿ ಖಾಲಿ, ನೀವು ಇಲ್ಲದ ಪುಸ್ತಕಕ್ಕೆ ಬರೆಯಲು ಹೊರಟಿದ್ದೀರಿ. ಎರರ್ ಹೇಳುವುದು ಮೆಥಡಿನ ಹೆಸರು. ಹೊಸಬರು ಆ ಮೆಥಡ್ ತೆರೆದು ಅದರೊಳಗೆ ತಪ್ಪು ಹುಡುಕುತ್ತಾರೆ. ಮೆಥಡ್ ಓಡೇ ಇಲ್ಲ! ಬಾಣದ ಎಡಗಡೆ ನೋಡಿ. ಅಲ್ಲಿರುವುದು ಎಲ್ಲಿಂದ ಬಂತು ಅಂತ ಹಿಂದಕ್ಕೆ ನಡೆಯುತ್ತಾ ಹೋಗಿ.

ಹಿಂದಕ್ಕೆ ಹೋದಾಗ ನನಗೆ ಸಿಕ್ಕಿದ ಕಾರಣಗಳು ಇವು. ಸದಸ್ಯರ ನಂಬರ್ ಕೊಟ್ಟು ಹುಡುಕುವ ಫಂಕ್ಷನ್ ಬರೆದಿದ್ದೆ. ಡೇಟಾಬೇಸಿನಿಂದ ಸಾಲು ತಂದೆ, ಆಬ್ಜೆಕ್ಟ್ ಮಾಡಿದೆ, ತುಂಬಿದೆ, ರಿಟರ್ನ್ ಬರೆಯಲು ಮರೆತೆ. ರಿಟರ್ನ್ ಇಲ್ಲದ ಫಂಕ್ಷನ್ ನಲ್ ಕೊಡುತ್ತದೆ. ಇನ್ನೊಂದು ಸಲ ಡೇಟಾಬೇಸ್ ಕನೆಕ್ಷನ್ ಇರುವ ವೇರಿಯಬಲನ್ನು ಫೈಲಿನ ಮೇಲ್ಗಡೆ ಮಾಡಿಟ್ಟು ಫಂಕ್ಷನ್ ಒಳಗಿಂದ ಕರೆದೆ. ಪಿಎಚ್‌ಪಿಯಲ್ಲಿ ಫಂಕ್ಷನ್‌ಗೆ ಹೊರಗಿನ ವೇರಿಯಬಲ್ ಕಾಣುವುದಿಲ್ಲ. ಅದನ್ನು ಕೈಗೆ ಕೊಟ್ಟು ಕಳಿಸಬೇಕು. ಮೂರನೆಯದು ತಪ್ಪೇ ಅಲ್ಲ: ಆ ನಂಬರಿನ ಸದಸ್ಯರು ನಿಜವಾಗಿಯೂ ಇರಲಿಲ್ಲ. ಚಿಕ್ಕಪ್ಪ 14ರ ಬದಲು 41 ಹೊಡೆದಿದ್ದರು. ಅಲ್ಲಿ ಇಫ್ ಹಾಕಿ "ಈ ನಂಬರಿನವರು ಯಾರೂ ಇಲ್ಲ" ಅಂತ ತೋರಿಸುವುದು ನಮ್ಮ ಕೆಲಸ.

ಮೆಥಡ್ ಬದಲು ಪ್ರಾಪರ್ಟಿ ಓದಿದರೆ ಬರೀ ವಾರ್ನಿಂಗ್ ಕೊಟ್ಟು ಮುಂದೆ ಹೋಗುತ್ತದೆ. ಪಟ್ಟಿಯಲ್ಲಿ ಒಂದು ಖಾನೆ ಖಾಲಿ ಉಳಿಯುತ್ತದೆ. ಪಿಎಚ್‌ಪಿ 8ರಲ್ಲಿ ಬಂದ ?-> ಅನ್ನುವ ಗುರುತು ಹಾಕಿದರೆ ಆ ವಾರ್ನಿಂಗೂ ಇಲ್ಲ. ಎರರ್ ಕಂಡ ಕಡೆಯೆಲ್ಲ ಪ್ರಶ್ನೆ ಚಿಹ್ನೆ ಅಂಟಿಸುವವರನ್ನು ನೋಡಿದ್ದೇನೆ. ಹಾಗೆ ಮಾಡಬೇಡಿ. ಬಟವಾಡೆ ದಿನ ಒಬ್ಬರ ದುಡ್ಡಿನ ಖಾನೆ ಸುಮ್ನೆ ಖಾಲಿ ಬರುವುದಕ್ಕಿಂತ ಪುಟ ಕೂಗಿಕೊಂಡು ನಿಲ್ಲುವುದೇ ಮೇಲು.

ಕನ್‌ಸ್ಟ್ರಕ್ಟರ್ ಓಡುತ್ತಿಲ್ಲ

ನ್ಯೂ ಸದಸ್ಯ('ರಂಗಪ್ಪ', 6) ಅಂತ ಕೊಟ್ಟರೂ ಹೆಸರು ನಲ್ ಬರುತ್ತಿದೆಯಾ? ನ್ಯೂ ಅಂದ ಕೂಡಲೇ ತಾನಾಗಿ ಓಡುವ ಮೆಥಡ್ಡೇ ಕನ್‌ಸ್ಟ್ರಕ್ಟರ್. ಕನ್‌ಸ್ಟ್ರಕ್ಟ್ ಮೆಥಡಿನ ಮುಂದೆ ಅಂಡರ್‌ಸ್ಕೋರ್ ಎಣಿಸಿ. ಎರಡು ಇರಬೇಕು. ಒಂದೇ ಇದ್ದರೆ ಅದು ಮಾಮೂಲಿ ಮೆಥಡ್ ಆಗುತ್ತದೆ, ಯಾರೂ ಕರೆಯುವುದಿಲ್ಲ. ಕಾಗುಣಿತ ತಪ್ಪಿದ್ದರೂ ಅಷ್ಟೇ. ಕೆಟ್ಟ ಸಂಗತಿ ಏನೆಂದರೆ, ಕನ್‌ಸ್ಟ್ರಕ್ಟರೇ ಇಲ್ಲದ ಕ್ಲಾಸಿಗೆ ನೀವು ಎಷ್ಟು ಮೌಲ್ಯ ಕೊಟ್ಟರೂ ಪಿಎಚ್‌ಪಿ ಬಾಯಿ ಬಿಡದೆ ನುಂಗಿಕೊಳ್ಳುತ್ತದೆ.

ಹಳೇ ಪಾಠಗಳಲ್ಲಿ ಕ್ಲಾಸಿನ ಹೆಸರಿನದೇ ಒಂದು ಮೆಥಡ್ ಬರೆದಿರುತ್ತಾರೆ. ಅದೇ ಆಗಿನ ಕನ್‌ಸ್ಟ್ರಕ್ಟರ್. 2015ರ ಪಿಎಚ್‌ಪಿ 7ರಲ್ಲಿ ಅದನ್ನು ಬಿಡಿ ಅಂತ ಎಚ್ಚರಿಸಿದರು, 2020ರ ಪಿಎಚ್‌ಪಿ 8ರಲ್ಲಿ ಪೂರ್ತಿ ತೆಗೆದರು. ಹೋಸ್ಟಿಂಗಿನವರು ಆವೃತ್ತಿ ಏರಿಸಿದ ಮಾರನೇ ದಿನ ಸೈಟಿನ ಮೌಲ್ಯಗಳೆಲ್ಲ ಖಾಲಿಯಾದರೆ ಮೊದಲು ಇದನ್ನೇ ನೋಡಿ. ಪ್ರಾಪರ್ಟಿಗಳ ಮುಂದೆ ವಾರ್ ಅನ್ನುವ ಕೀವರ್ಡ್ ಕಂಡರೆ ಆ ಪಾಠ ಪಿಎಚ್‌ಪಿ 4ರ ಕಾಲದ ಅಭ್ಯಾಸದ್ದು ಅಂತ ತಿಳಿಯಿರಿ.

ಒಂದು ಕ್ಲಾಸಿನಿಂದ ಇನ್ನೊಂದನ್ನು ಎಕ್ಸ್‌ಟೆಂಡ್ ಮಾಡಿದ್ದರೆ, ಮಗನ ಕನ್‌ಸ್ಟ್ರಕ್ಟರ್ ಬರೆದ ಕೂಡಲೇ ಅಪ್ಪನದು ತಾನಾಗಿ ಓಡುವುದು ನಿಲ್ಲುತ್ತದೆ. ಪೇರೆಂಟ್:: ಅಂತ ನೀವೇ ಕರೆಯಬೇಕು. ಇದು ಮರೆತರೆ ಟೈಪ್ (ಸಂಖ್ಯೆಯೋ ಸ್ಟ್ರಿಂಗೋ ಅಂತ) ಕೊಟ್ಟ ಪ್ರಾಪರ್ಟಿಗಳು "ಮಸ್ಟ್ ನಾಟ್ ಬಿ ಆ್ಯಕ್ಸೆಸ್ಡ್ ಬಿಫೋರ್ ಇನಿಶಿಯಲೈಸೇಶನ್" ಅಂತ ಕೂಗುತ್ತವೆ. ಪ್ರಾಪರ್ಟಿಗೆ ಟೈಪ್ ಕೊಡುವ ಸೌಲಭ್ಯ 2019ರ ಪಿಎಚ್‌ಪಿ 7.4ರಿಂದ ಇದೆ. ದಯವಿಟ್ಟು ಬಳಸಿ. ಅರ್ಧ ತಪ್ಪುಗಳು ಹುಟ್ಟುವಾಗಲೇ ಸಿಕ್ಕಿಬೀಳುತ್ತವೆ.

ಇನ್ನು ಇದರ ತಿರುಗುಮುರುಗು ಕಾಯಿಲೆ: ಕನ್‌ಸ್ಟ್ರಕ್ಟರ್ ಓಡುತ್ತಿದೆ, ಆದರೆ ಓಡಬಾರದ ಹೊತ್ತಿನಲ್ಲಿ. ಪಿಡಿಒದಲ್ಲಿ (ಡೇಟಾಬೇಸ್ ಜೊತೆ ಮಾತಾಡುವ ಪಿಎಚ್‌ಪಿಯ ಕ್ಲಾಸ್) ಫೆಚ್ ಕ್ಲಾಸ್ ಬಳಸಿ ಡೇಟಾಬೇಸ್ ಸಾಲನ್ನು ನೇರ ಆಬ್ಜೆಕ್ಟ್ ಮಾಡಬಹುದು. ನಾನು ಹಾಗೆ ಮಾಡಿದಾಗ ಎಲ್ಲರ ಲೀಟರ್ ಸೊನ್ನೆ ಬಂತು. ಡೇಟಾಬೇಸಿನಲ್ಲಿ ಸರಿ ಇದೆ, ಕ್ವೆರಿ ಸರಿ ಇದೆ. ಕಾರಣ ವಿಚಿತ್ರ. ಅದು ಮೊದಲು ಪ್ರಾಪರ್ಟಿಗಳನ್ನು ತುಂಬುತ್ತದೆ, ಆಮೇಲೆ ಕನ್‌ಸ್ಟ್ರಕ್ಟರನ್ನು ಕರೆಯುತ್ತದೆ. ನನ್ನ ಕನ್‌ಸ್ಟ್ರಕ್ಟರ್ ಲೀಟರನ್ನು ಸೊನ್ನೆ ಮಾಡುತ್ತಿತ್ತು. ತುಂಬಿದ ಕ್ಯಾನನ್ನು ಆಮೇಲೆ ತೊಳೆದ ಹಾಗಾಯಿತು. ಫೆಚ್ ಕ್ಲಾಸ್ ಜೊತೆ ಫೆಚ್ ಪ್ರಾಪ್ಸ್ ಲೇಟ್ ಸೇರಿಸಿದರೆ ಕ್ರಮ ತಿರುಗುತ್ತದೆ.

ಇಲ್ಲೇ ಇನ್ನೊಂದು. ಡೇಟಾಬೇಸಿನ ಕಾಲಂ ಹೆಸರು ಕ್ಲಾಸಿನಲ್ಲಿ ಇಲ್ಲದಿದ್ದರೆ ಪಿಎಚ್‌ಪಿ ಮೊದಲೆಲ್ಲ ತಾನೇ ಹೊಸ ಪ್ರಾಪರ್ಟಿ ಹುಟ್ಟಿಸುತ್ತಿತ್ತು. 2022ರ ಡಿಸೆಂಬರಿನಲ್ಲಿ ಬಂದ 8.2ರಿಂದ "ಕ್ರಿಯೇಶನ್ ಆಫ್ ಡೈನಾಮಿಕ್ ಪ್ರಾಪರ್ಟಿ" ಅಂತ ಎಚ್ಚರಿಕೆ ಕೊಡುತ್ತದೆ. ಅದನ್ನು ಮುಚ್ಚಬೇಡಿ. ನನಗೆ ಅದು ತೋರಿಸಿದ್ದು ಲೀಟರ್ ಬದಲು ಲಿಟರ್ ಅಂತ ಬರೆದ ಜಾಗವನ್ನು.

ಪುಟ ಬದಲಾದರೆ ಎಲ್ಲ ಸೊನ್ನೆ

ಮೂರನೇ ಪ್ರಶ್ನೆ ನೆನಪಿದೆಯಾ, ಪುಸ್ತಕ ಈಗಲೂ ಇದೆಯಾ ಅಂತ? ವೆಬ್‌ನಲ್ಲಿ ಇದೇ ಮುಖ್ಯ.

ಬೆಳಗಿನ ಹೊತ್ತಿಗೆ ಒಂದು ಆಬ್ಜೆಕ್ಟ್ ಮಾಡಿದೆ. ಫಾರ್ಮಿನಲ್ಲಿ ರಂಗಪ್ಪನ 6 ಲೀಟರ್ ಹೊಡೆದು ಸೇವ್ ಒತ್ತಿದೆ. ಒಟ್ಟು 6 ಬಂತು. ಮುಂದಿನವರ 4 ಲೀಟರ್ ಹೊಡೆದೆ. ಒಟ್ಟು 10 ಬರಬೇಕು, 4 ಬಂತು. ಹತ್ತು ಸಲ ಕೋಡ್ ನೋಡಿದರೂ ಕೂಡುವ ಸಾಲು ಸರಿಯಾಗೇ ಇತ್ತು.

ಬ್ರೌಸರ್ ಕೇಳಿದ ಪುಟವನ್ನು ಕಳಿಸಿ ಮುಗಿಸಿದ ಕೂಡಲೇ ಪಿಎಚ್‌ಪಿ ಮೇಜು ಖಾಲಿ ಮಾಡುತ್ತದೆ. ಎಲ್ಲಾ ಆಬ್ಜೆಕ್ಟ್‌ಗಳೂ ಹೋದವು. ಸ್ಟ್ಯಾಟಿಕ್ ಬೋರ್ಡು ಕೂಡ ಒರೆಸಿ ಹೋಯಿತು. ಮುಂದಿನ ಸೇವ್ ಬಟನ್ ಹೊಸ ಸಂತೆ. ಉಳಿಯಬೇಕಾದ್ದನ್ನು ಡೇಟಾಬೇಸಿಗೆ ಬರೆಯಬೇಕು, ಸ್ವಲ್ಪ ಹೊತ್ತು ಇದ್ದರೆ ಸಾಕು ಅಂದರೆ ಸೆಷನ್‌ಗೆ ಹಾಕಬೇಕು.

ಸೆಷನ್‌ಗೆ ಪೂರ್ತಿ ಆಬ್ಜೆಕ್ಟ್ ಹಾಕಿದರೆ ಎರಡು ತಲೆನೋವು. ಮುಂದಿನ ಪುಟದಲ್ಲಿ ವಾರ್ ಡಂಪ್ ಮಾಡಿದಾಗ ಕ್ಲಾಸಿನ ಹೆಸರಿನ ಜಾಗದಲ್ಲಿ "ಇನ್‌ಕಂಪ್ಲೀಟ್ ಕ್ಲಾಸ್" ಅಂತ ಬಂದರೆ, ಸೆಷನ್ ಸ್ಟಾರ್ಟ್ ಮಾಡುವಾಗ ಆ ಕ್ಲಾಸಿನ ಫೈಲ್ ಇನ್ನೂ ಲೋಡ್ ಆಗಿರಲಿಲ್ಲ ಅಂತ ಅರ್ಥ. ಬರಹ ಬಂತು, ನಮೂನೆ ಬರಲಿಲ್ಲ. ಕ್ಲಾಸಿನ ರಿಕ್ವೈರ್ ಸಾಲನ್ನು ಸೆಷನ್ ಸ್ಟಾರ್ಟ್‌ಗಿಂತ ಮೇಲೆ ಹಾಕಿ, ಇಲ್ಲವೇ ಕ್ಲಾಸಿನ ಫೈಲನ್ನು ತಾನೇ ಹುಡುಕಿ ತರುವ ಆಟೋಲೋಡ್ ಇಟ್ಟುಕೊಳ್ಳಿ. ಇನ್ನೊಂದು, ಆ ಆಬ್ಜೆಕ್ಟ್ ಒಳಗೆ ಎಲ್ಲೋ ಪಿಡಿಒ ಕನೆಕ್ಷನ್ ಇಟ್ಟಿದ್ದರೆ ಸೆಷನ್ ಬರೆಯುವಾಗಲೇ ಎರರ್ ಬರುತ್ತದೆ. ಓಪನ್ ಆಗಿರುವ ಕನೆಕ್ಷನನ್ನು ಮಡಿಸಿ ಪೆಟ್ಟಿಗೆಗೆ ಹಾಕಲಾಗದು. ನಾನು ಈಗ ಸೆಷನ್‌ಗೆ ಆಬ್ಜೆಕ್ಟ್ ಹಾಕುವುದನ್ನೇ ಬಿಟ್ಟಿದ್ದೇನೆ. ಸದಸ್ಯರ ನಂಬರ್ ಮಾತ್ರ ಇಡುತ್ತೇನೆ, ಬೇಕಾದಾಗ ಡೇಟಾಬೇಸಿನಿಂದ ಹೊಸದಾಗಿ ಕಟ್ಟಿಕೊಳ್ಳುತ್ತೇನೆ.

ಜೇಸನ್ ಕಳಿಸಿದರೆ ಖಾಲಿ ಆವರಣ

ಜಾವಾಸ್ಕ್ರಿಪ್ಟ್ ಕಡೆಗೆ ಆಬ್ಜೆಕ್ಟ್ ಕಳಿಸಲು ಜೇಸನ್ ಎನ್‌ಕೋಡ್ ಮಾಡಿದರೆ ಬರೀ {} ಬರುತ್ತಿದೆ ಅಂದರೆ ನಿಮ್ಮ ಪ್ರಾಪರ್ಟಿಗಳು ಪ್ರೈವೇಟ್ ಆಗಿವೆ. ಅದು ಪಬ್ಲಿಕ್ ಇದ್ದದ್ದನ್ನು ಮಾತ್ರ ಕಳಿಸುತ್ತದೆ. ಎಲ್ಲವನ್ನೂ ಪಬ್ಲಿಕ್ ಮಾಡುವ ಬದಲು ಕ್ಲಾಸಿಗೆ ಜೇಸನ್ ಸೀರಿಯಲೈಸಬಲ್ ಇಂಟರ್‌ಫೇಸ್ ಸೇರಿಸಿ, ಏನೇನು ಹೋಗಬೇಕು ಅಂತ ನೀವೇ ಅರೇ ಕೊಡಿ. ಕನ್ನಡ ಹೆಸರುಗಳು ಓರೆಗೆರೆ ಮತ್ತು ಅಂಕಿಗಳ ಸಾಲಾಗಿ ಕಂಡರೆ ಗಾಬರಿ ಬೇಡ, ಬ್ರೌಸರ್ ಅದನ್ನು ಸರಿಯಾಗೇ ಓದುತ್ತದೆ. ಕಣ್ಣಿಗೂ ಕನ್ನಡವೇ ಕಾಣಬೇಕು ಅಂದರೆ ಅನ್‌ಎಸ್ಕೇಪ್ಡ್ ಯೂನಿಕೋಡ್ ಆಯ್ಕೆ ಕೊಡಿ.

ಮನೆಯಲ್ಲಿ ಓಡುತ್ತದೆ, ಸರ್ವರಿನಲ್ಲಿ "ಕ್ಲಾಸ್ ನಾಟ್ ಫೌಂಡ್"

ವಿಂಡೋಸ್ ಕಂಪ್ಯೂಟರಿಗೆ ಫೈಲ್ ಹೆಸರಿನ ದೊಡ್ಡಕ್ಷರ, ಚಿಕ್ಕಕ್ಷರ ಎರಡೂ ಒಂದೇ. ಲಿನಕ್ಸ್ ಸರ್ವರಿಗೆ ಬೇರೆ ಬೇರೆ. ಪಿಎಚ್‌ಪಿ ಕ್ಲಾಸಿನ ಹೆಸರಿನಲ್ಲಿ ಇಂಗ್ಲಿಷ್ ಅಕ್ಷರಭೇದ ನೋಡುವುದಿಲ್ಲ. ಆದರೆ ಆ ಕ್ಲಾಸಿರುವ ಫೈಲನ್ನು ಹುಡುಕುವುದು ಸರ್ವರಿನ ಫೈಲ್ ವ್ಯವಸ್ಥೆ, ಅದು ನೋಡುತ್ತದೆ. ಹೆಸರು ಸರಿ ಮಾಡಿ ಗಿಟ್‌ನಲ್ಲಿ (ಕೋಡಿನ ಬದಲಾವಣೆ ದಾಖಲಿಸುವ ಸಾಧನ) ಪುಷ್ ಮಾಡಿದರೂ ಸರಿಹೋಗದಿದ್ದರೆ, ವಿಂಡೋಸಿನ ಗಿಟ್ ಬರೀ ಅಕ್ಷರಭೇದದ ಬದಲಾವಣೆಯನ್ನು ಗಮನಿಸಿರುವುದಿಲ್ಲ. ಗಿಟ್ ಎಂವಿ ಆಜ್ಞೆಯಿಂದ ಹೆಸರು ಬದಲಾಯಿಸಿ.

ಎರರಿನಲ್ಲಿ ಪಿಡಿಒ ಹೆಸರಿನ ಎಡಕ್ಕೆ ನಿಮ್ಮ ನೇಮ್‌ಸ್ಪೇಸ್ (ಕ್ಲಾಸುಗಳ ಮನೆತನದ ಹೆಸರು) ಅಂಟಿಕೊಂಡಿದ್ದರೆ ಬೇರೆ ಮದ್ದು. ನೇಮ್‌ಸ್ಪೇಸ್ ಒಳಗೆ ನಿಂತು ಪಿಡಿಒ ಅಂದರೆ ಅದನ್ನು ನಿಮ್ಮ ಮನೆಯೊಳಗೇ ಹುಡುಕುತ್ತದೆ. ಹೆಸರಿನ ಎಡಕ್ಕೆ \ ಹಾಕಿ. ಕಂಪೋಸರ್ (ಪಿಎಚ್‌ಪಿ ಲೈಬ್ರರಿಗಳನ್ನು ತಂದುಕೊಡುವ ಸಾಧನ) ಬಳಸುತ್ತಿದ್ದರೆ ಹೊಸ ನೇಮ್‌ಸ್ಪೇಸ್ ಸೇರಿಸಿದ ಮೇಲೆ ಡಂಪ್ ಆಟೋಲೋಡ್ ಓಡಿಸಿ. ಇದಕ್ಕೆ ವಿರುದ್ಧವಾಗಿ "ಆ ಹೆಸರಿನ ಕ್ಲಾಸ್ ಆಗಲೇ ಇದೆ" ಅಂತ ಬಂದರೆ ಒಂದೇ ಫೈಲ್ ಎರಡು ಸಲ ಸೇರಿದೆ. ರಿಕ್ವೈರ್ ಬದಲು ರಿಕ್ವೈರ್ ಒನ್ಸ್.

ಕಣ್ಣಿಗೆ ಒಂದೇ, ಪಿಎಚ್‌ಪಿಗೆ ಎರಡು

ಇದು ಕನ್ನಡದಲ್ಲಿ ಹೆಸರಿಡುವವರಿಗೆ ಮಾತ್ರ ಬರುವ ಕಾಟ. $ದಿಸ್->ಲೀಟರ್ ಅಂತ ಸರಿಯಾಗೇ ಬರೆದಿದ್ದೇನೆ, ಕ್ಲಾಸಿನಲ್ಲೂ ಲೀಟರ್ ಇದೆ, ಆದರೂ ಆ ಪ್ರಾಪರ್ಟಿ ಇಲ್ಲ ಅನ್ನುತ್ತದೆ. ಎರಡು ಹೆಸರನ್ನೂ ಸ್ಟ್ರಿಂಗ್ ಮಾಡಿ ಸ್ಟ್ರ್‌ಲೆನ್‌ನಲ್ಲಿ ಉದ್ದ ಅಳೆದೆ. ಒಂದಕ್ಕಿಂತ ಇನ್ನೊಂದು 3 ಬೈಟ್ ಜಾಸ್ತಿ!

ಅರ್ಧಾಕ್ಷರ ಬಿಡಿಯಾಗಿ ಉಳಿಯಲಿ ಅಂತ ಕೆಲವು ಕನ್ನಡ ಕೀಬೋರ್ಡುಗಳು ಕಣ್ಣಿಗೆ ಕಾಣದ ಒಂದು ಗುರುತು ಹಾಕುತ್ತವೆ. ಅದರ ಹೆಸರು ಜೀರೋ ವಿಡ್ತ್ ನಾನ್ ಜಾಯ್ನರ್. ಯುಟಿಎಫ್ 8ರಲ್ಲಿ ಅದಕ್ಕೆ 3 ಬೈಟ್. ಪದದ ಕೊನೆಯಲ್ಲಿ ಅದು ಇದ್ದರೂ ಇಲ್ಲದಿದ್ದರೂ ರೂಪ ಒಂದೇ. ಪಿಎಚ್‌ಪಿ ನೋಡುವುದು ರೂಪವನ್ನಲ್ಲ, ಬೈಟುಗಳನ್ನು. ಫೋನಿನಲ್ಲಿ ಹೊಡೆದು ಕಳಿಸಿದ ಹೆಸರು, ಲ್ಯಾಪ್‌ಟಾಪಿನಲ್ಲಿ ಹೊಡೆದ ಹೆಸರು ಹೀಗೇ ಬೇರೆಯಾಗುತ್ತವೆ. ಒ ಕಾರ, ಏತ್ವಗಳನ್ನೂ ಎರಡು ಬಗೆಯಲ್ಲಿ ಕೂಡಿಸಬಹುದು, ಅಲ್ಲೂ ಇದೇ ಗೋಳು. ನನ್ನ ಅಭಿಪ್ರಾಯ ಕೇಳಿದರೆ, ಪ್ರಾಪರ್ಟಿ ಹೆಸರಿನ ಕೊನೆಗೆ ಅರ್ಧಾಕ್ಷರ ಬೇಡ. ಹೆಸರು, ದರ, ತೂಕ ಇಂಥವು ಸಲೀಸು. ಲೀಟರ್ ಬದಲು ಅಳತೆ ಅಂತಿಟ್ಟಿದ್ದರೆ ನನಗೆ ಒಂದು ಭಾನುವಾರ ಉಳಿಯುತ್ತಿತ್ತು.

ಕ್ಲಾಸಿನದ್ದಲ್ಲದ ತಪ್ಪು

ಇಷ್ಟೆಲ್ಲ ಸರಿಹೋದ ಮೇಲೂ ಪಟ್ಟಿಯ ಮೊತ್ತಕ್ಕೂ ಚಿಕ್ಕಪ್ಪನ ಪುಸ್ತಕಕ್ಕೂ ಕೆಲವರಲ್ಲಿ ಐದಾರು ಪೈಸೆ ವ್ಯತ್ಯಾಸ ಬಂತು. ಆಬ್ಜೆಕ್ಟ್ ನಂಬರ್ ನೋಡಿದೆ, ಕ್ಲೋನ್ ನೋಡಿದೆ. ಎಲ್ಲ ಸರಿ. ದಶಮಾಂಶದ ಮೇಲೆ ಅನುಮಾನ ಬಂತು. ಎಕೋದಲ್ಲಿ 0.1 + 0.2 ಕೂಡಿದರೆ 0.3 ಅಂತ ಕಾಣುತ್ತದೆ, ಆದರೆ ವಾರ್ ಡಂಪ್ 0.30000000000000004 ಅಂತ ತೋರಿಸುತ್ತದೆ. ಅದಕ್ಕೆ ದುಡ್ಡನ್ನು ಪೈಸೆ ಲೆಕ್ಕದಲ್ಲಿ ಪೂರ್ಣಾಂಕವಾಗಿ ಇಡುವುದು ಒಳ್ಳೆಯದು. ಅದನ್ನೂ ಮಾಡಿದೆ. ವ್ಯತ್ಯಾಸ ಹೋಗಲಿಲ್ಲ.

ಕೊನೆಗೆ ಚಿಕ್ಕಪ್ಪನನ್ನೇ ಕೇಳಿದೆ, "ಪೈಸೆ ಎಲ್ಲಿ ಬಿಡ್ತೀರಾ?" ಅಂತ. "ಆಯಾ ಹೊತ್ತಿಗೇ ಬಿಡ್ತೀನಪ್ಪ, ಪುಸ್ತಕದಲ್ಲಿ ಬರಿಯೋವಾಗ" ಅಂದರು. ನನ್ನ ಕೋಡ್ ಎಲ್ಲಾ ಹೊತ್ತನ್ನೂ ಕೂಡಿ, ಕೊನೆಯಲ್ಲಿ ಒಂದೇ ಸಲ ರೌಂಡ್ ಮಾಡುತ್ತಿತ್ತು. 3.2 ಲೀಟರನ್ನು 31.37 ರೂಪಾಯಿ ದರಕ್ಕೆ ಹಾಕಿದರೆ 100.384 ಆಗುತ್ತದೆ. ಹೊತ್ತಿಗೆ ಹೊತ್ತಿಗೆ ಬಿಟ್ಟರೆ ಎರಡು ಹೊತ್ತಿಗೆ 200.76. ಕೂಡಿ ಬಿಟ್ಟರೆ 200.77. ಹದಿನೈದು ದಿನಕ್ಕೆ 30 ಹೊತ್ತು. ರೌಂಡ್ ಮಾಡುವ ಸಾಲನ್ನು ಬಟವಾಡೆ ಕ್ಲಾಸಿನಿಂದ ಕಿತ್ತು, ಒಂದು ಹೊತ್ತಿನ ದುಡ್ಡು ಲೆಕ್ಕ ಹಾಕುವ ಮೆಥಡಿಗೆ ಹಾಕಿದೆ. 38 ಸಾಲೂ ಪುಸ್ತಕಕ್ಕೆ ತಾಳೆಯಾಯಿತು.